ಅಮ್ಮನ ಕರಿಮಣಿಯೂ ನಿಮ್ಮ ಯುರೋಪ್ ಟೂರೂ: ಗೆಳೆಯನಿಗೊಂದು ಪತ್ರ

ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಟಿಕೆಟ್ ಆಯ್ತು, ವೀಸಾ ಆಯ್ತು, ಇನ್ನು ಅಮ್ಮ ಬಳೆ ಕರಿಮಣಿ ಹಾಕ್ಕೊಂಡು ಬರುವುದಾ ಬೇಡವಾ ಅನ್ನುವುದೊಂದೇ ತೀರ್ಮಾನ ಬಾಕಿ ಅಂತ ನೀನು ನಗಾಡಿದ್ದೂ ಕೇಳಿತು. ನಗಾಡುವ ವಿಷಯ ಅಲ್ಲ ಅದು. ಈ ಟೂರಿನ ಕೆಲಸಕ್ಕೆ ಸೇರಿದ ಮೇಲೆ ಪುತ್ತೂರು, ಬದಿಯಡ್ಕ, ಮಂಜೇಶ್ವರ ಕಡೆಯವರನ್ನು ಕರ್ಕೊಂಡು ಹೋಗುವಾಗ ನನಗೆ ತಲೆಬಿಸಿ ಮಾಡಿದ್ದು ಊಟವೂ ಅಲ್ಲ ಚಳಿಯೂ ಅಲ್ಲ, ಇದೇ ಚಿನ್ನ. ವಾಟ್ಸಾಪಲ್ಲಿ ಬರೆದ್ರೆ ನೀನು ಅರ್ಧ ಓದಿ ಒಂದು ಹೆಬ್ಬೆರಳು ಒತ್ತಿ ಬಿಡ್ತೀಯ, ಹಾಗಾಗಿ ಉದ್ದಕ್ಕೆ ಬರೀತಾ ಇದ್ದೇನೆ, ಬೇರೆ ಯಾರಾದ್ರೂ ಓದಿದ್ರೂ ತೊಂದರೆ ಇಲ್ಲ.

ಮೊದಲು ಆ ದುಬೈ ಲೆಕ್ಕ ಬಿಡು. ನಮ್ಮ ಕಾಸರಗೋಡಿನವರಿಗೆ ಫಾರಿನ್ ಅಂದ್ರೆ ಗಲ್ಫ್. ನಿನ್ನ ಅಮ್ಮ ಶಾರ್ಜಾದಲ್ಲಿ ನಿನ್ನ ಭಾವನ ಮನೆಗೆ ಹೋದಾಗ ಮೈಮೇಲೆ ಇದ್ದದ್ದೆಲ್ಲ ಹಾಕ್ಕೊಂಡು ದುಬೈಯ ದೇರಾದ ಚಿನ್ನದ ಪೇಟೆ ಗೋಲ್ಡ್ ಸೂಕಿನಲ್ಲಿ ರಾತ್ರಿ ತಿರುಗಿ ಬಂದವರು, ಅವರ ತಲೆಯಲ್ಲಿ ವಿದೇಶ ಅಂದ್ರೆ ಊರಿಗಿಂತ ಸೇಫ್ ಅಂತ ಕೂತುಬಿಟ್ಟಿದೆ, ಅಲ್ಲಿಯ ಮಟ್ಟಿಗೆ ಅದು ಸರಿಯೂ ಹೌದು. ಪ್ಯಾರಿಸ್, ರೋಮ್, ಬಾರ್ಸಿಲೋನಾ ಕತೆಯೇ ಬೇರೆ. 2013ರ ಏಪ್ರಿಲಲ್ಲಿ ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನ ಸಿಬ್ಬಂದಿಯೇ ಪಿಕ್‌ಪಾಕೆಟಿನವರ ಕಾಟ ತಡೀಲಿಕ್ಕಾಗದೆ ಕೆಲಸ ನಿಲ್ಲಿಸಿ ಮ್ಯೂಸಿಯಂ ಮುಚ್ಚಿದ್ದುಂಟು. ಅದೇ ಲೂವ್ರಿಗೆ 2025ರ ಅಕ್ಟೋಬರ್ 19ರಂದು ಬೆಳಗ್ಗೆ ಬೆಳಗ್ಗೆ ಏಣಿಯ ಲಾರಿ ತಂದು ನಿಲ್ಲಿಸಿ ಕಿಟಕಿಯಿಂದ ಹತ್ತಿ ಫ್ರಾನ್ಸಿನ ರಾಣಿಯರ ಆಭರಣ ತಗೊಂಡು ಸ್ಕೂಟರಲ್ಲಿ ಹೋದ್ರಲ್ಲ. ಗಾರ್ಡು, ಅಲಾರ್ಮು, ಗಾಜಿನ ಪೆಟ್ಟಿಗೆ ಎಲ್ಲ ಇದ್ದ ಜಾಗದ ಅವಸ್ಥೆ ಅದು. ನಮ್ಮ ಅಮ್ಮಂದಿರ ಕುತ್ತಿಗೆಯಲ್ಲಿ ಇರುವ ಸೆಕ್ಯೂರಿಟಿ ಅಂದ್ರೆ ಒಂದು ಸೇಫ್ಟಿ ಪಿನ್ನು.

ಇನ್ನೊಂದು, ನಮ್ಮವರಿಗೆ ಕಳ್ಳ ಅಂದ್ರೆ ರಾತ್ರಿ ಬರುವವ, ಬಟ್ಟೆ ಕೊಳಕಾದವ, ಕಣ್ಣು ಕೆಂಪಾದವ. ಅಲ್ಲಿ ಹಾಗಲ್ಲ. ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಮ್ಯಾಪು, ಹೆಗಲಿಗೆ ಬ್ಯಾಗು, ನೋಡ್ಲಿಕ್ಕೆ ನಿನ್ನ ಹಾಗೇ ಟೂರಿಗೆ ಬಂದವನೇ. ಹಾಡುಹಗಲು, ಜನ ತುಂಬಿದ ಜಾಗ. ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆಯ ದಿನ ಜನ ಹೇಗೆ ಒತ್ತಿಕೊಂಡು ಬಂದಿದ್ರು, ಹಾಗೆ ಒತ್ತುವ ಕಡೆಯೆಲ್ಲ ಅವರು ಇರ್ತಾರೆ ಅಂತ ತಿಳ್ಕೊ. ರೋಮಿನಲ್ಲಿ ಟೆರ್ಮಿನಿ ಸ್ಟೇಷನ್ನಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ನಂಬರ್ ಬಸ್ಸು ಇದಕ್ಕೇ ಹೆಸರುವಾಸಿ. ಬಾರ್ಸಿಲೋನಾದ ರಾಂಬ್ಲಾ ರಸ್ತೆ ಮತ್ತೆ ಮೆಟ್ರೋ ಕೂಡ ಹಾಗೇ. ಅಲ್ಲಿ 400 ಯುರೋಗಿಂತ ಕಡಿಮೆ ಬೆಲೆಯ ಕಳವು ಕಾನೂನಿನಲ್ಲಿ ಸಣ್ಣ ಅಪರಾಧ, ಸಾಮಾನ್ಯವಾಗಿ ದಂಡ ಕಟ್ಟಿದ್ರೆ ಆಯ್ತು, ಮತ್ತೆ ಅವರಿಗೆ ಹೆದರಿಕೆ ಎಲ್ಲಿಂದ ಬರ್ತದೆ ಹೇಳು.

ಅವರ ಕೈಚಳಕ ನಾನು ಹತ್ತಿರದಿಂದ ನೋಡಿದ್ದುಂಟು. ಐಫೆಲ್ ಟವರಿನ ಹತ್ರ ಹುಡುಗಿಯರು ಒಂದು ರಟ್ಟಿನ ಮೇಲೆ ಕಾಗದ ಸಿಕ್ಕಿಸ್ಕೊಂಡು ಬರ್ತಾರೆ, ಕಿವಿ ಕೇಳದವರಿಗೆ ಸಹಾಯ, ಒಂದು ಸಹಿ ಹಾಕಿ ಅಂತ ಸನ್ನೆ ಮಾಡ್ತಾರೆ. ನಮ್ಮ ಗುಂಪಿನ ಒಬ್ಬರು ಅಕ್ಕ, ಪಾಪ, ಪೆನ್ನು ಹಿಡ್ಕೊಂಡು ಹೆಸರು ಬರೀಲಿಕ್ಕೆ ಬಗ್ಗಿದ್ರು. ಆ ರಟ್ಟನ್ನು ಹುಡುಗಿ ಸೀದಾ ಅಕ್ಕನ ವ್ಯಾನಿಟಿ ಬ್ಯಾಗಿನ ಮೇಲೆಯೇ ಹಿಡಿದಿದ್ಳು, ಮೇಜಿನ ಹಾಗೆ. ಮೇಲೆ ಹೆಬ್ಬೆರಳು ಕಾಗದ ಒತ್ತಿ ಹಿಡಿದಿದೆ, ಅಡಿಯಲ್ಲಿ ಇನ್ನೊಂದು ಕೈಯ ಎರಡೇ ಬೆರಳು ಜಿಪ್ಪನ್ನು ಒಂದೊಂದೇ ಹಲ್ಲು ಬಿಚ್ಚುವ ಹಾಗೆ ನಿಧಾನ ಎಳೀತಾ ಇದೆ, ಮುಖದಲ್ಲಿ ಮಾತ್ರ ಭಯಂಕರ ನಗು. ನಾನು ಬೊಬ್ಬೆ ಹಾಕಿದ್ದಕ್ಕೆ ಕೈ ಹಿಂದೆ ತೆಗೆದು, ಅದೇ ನಗುವಲ್ಲೇ ಪಕ್ಕದ ಜಪಾನಿನವರ ಹತ್ರ ಹೋದ್ಳು. ಓಡಿ ಹೋಗ್ಲೂ ಇಲ್ಲ!

ಪ್ಯಾರಿಸಿನದ್ದೇ ಸಾಕ್ರೆ ಕೇರ್ ಚರ್ಚಿನ ಮೆಟ್ಟಿಲ ಬುಡದಲ್ಲಿ ಬಣ್ಣದ ನೂಲು ಹಿಡ್ಕೊಂಡವರು ನಿಂತಿರ್ತಾರೆ, ಕೈ ಕೊಟ್ರೆ ಬೆರಳಿಗೆ ನೂಲು ಸುತ್ತಿ ಹೆಣೀಲಿಕ್ಕೆ ಶುರು, ಆಮೇಲೆ ದುಡ್ಡು ಕೊಡದೆ ಬಿಡುವುದಿಲ್ಲ, ಅಷ್ಟರಲ್ಲಿ ಅವನ ಜತೆಯವ ಹಿಂದಿನಿಂದ ಕಿಸೆ ನೋಡಿ ಆಗಿರ್ತದೆ. ಕೈ ಎರಡನ್ನೂ ಜಾಕೆಟಿನ ಕಿಸೆಯಲ್ಲಿ ಹಾಕ್ಕೊಂಡು ಸೀದಾ ಮೇಲೆ ಹತ್ತಿ. ನದಿಯ ಬದಿಯಲ್ಲಿ ಒಬ್ಬ ನೆಲದಿಂದ ಚಿನ್ನದ ಉಂಗುರ ಹೆಕ್ಕಿ ನಿಮ್ಮದಾ ಅಂತ ಕೇಳ್ತಾನೆ, ಹಿತ್ತಾಳೆ ಅದು, ನಿಲ್ಲಬೇಡಿ. ಬೆನ್ನಿನ ಮೇಲೆ ಹಕ್ಕಿ ಹೇತಿದೆ, ಒರೆಸಿ ಕೊಡ್ತೇನೆ ಅಂತ ಯಾರಾದ್ರೂ ಟಿಶ್ಯೂ ಹಿಡ್ಕೊಂಡು ಬಂದ್ರೆ ಒರೆಸ್ಲಿಕ್ಕೆ ಬಿಡ್ಬೇಡ, ಅದು ಹಾಕಿದ್ದೂ ಅವರೇ. ಎಸ್ಕಲೇಟರಿನ ತುದಿಯಲ್ಲಿ ಎದುರಿನವ ಪಕ್ಕನೆ ಬಗ್ಗಿದ್ರೆ ಹಿಂದಿನವ ನಿನ್ನ ಮೇಲೆ ಬೀಳ್ತಾನೆ, ಆಗ ಸಾರಿ ಕೇಳುವುದರ ಮೊದಲು ಪರ್ಸು ಮುಟ್ಟಿ ನೋಡ್ಕೊ. ಪೊಲೀಸ್ ಅಂತ ಹೇಳ್ಕೊಂಡು ರಸ್ತೆಯಲ್ಲಿ ಪರ್ಸು ಬಿಚ್ಚಿ ನೋಟು ತೋರಿಸಿ ಅಂದವ ಪೊಲೀಸ್ ಅಲ್ಲ, ಠಾಣೆಗೇ ಹೋಗುವ ಅಂತ ಹೇಳು, ಅವನೇ ಮಾಯ ಆಗ್ತಾನೆ.

ಈಗ ಚಿನ್ನದ ವಿಷಯ. ನಿನ್ನ ಅಮ್ಮ ಸೀರೆ ಉಟ್ಟು ಕುಂಕುಮ ಇಟ್ಟು ಹೊರಟ್ರೆ, ಇವರ ಹತ್ರ ಇರುವುದು 22 ಕ್ಯಾರೆಟಿಂದು ಅಂತ ಕಳ್ಳರಿಗೆ ಯಾರೂ ಹೇಳಿ ಕೊಡ್ಬೇಕಂತ ಇಲ್ಲ. ಯುರೋಪು ಅಂತಲೂ ಅಲ್ಲ, 2022ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಡೆ ಸೀರೆ ಉಟ್ಟು ಬೊಟ್ಟು ಇಟ್ಟ ಹಿಂದೂ ಹೆಂಗಸರನ್ನೇ ಹುಡುಕಿ ಸರ ಎಳೆದ ಸಾಲು ಕೇಸು ಆಗಿತ್ತು, ಹೆಚ್ಚಿನವರು ನಮ್ಮ ಅಮ್ಮಂದಿರ ಪ್ರಾಯದವರು. ನೀವು ಲಂಡನಿಗೂ ಅಕ್ಕನ ಮನೆಗೆ ಹೋಗ್ತೀರಲ್ಲ, ಇಂಗ್ಲೆಂಡಿನಲ್ಲಿ ದೀಪಾವಳಿ ಹತ್ರ ಬರುವಾಗ ಭಾರತದವರ ಮನೆಯ ಚಿನ್ನ ಜಾಗ್ರತೆ ಅಂತ ಪೊಲೀಸರೇ ಎಚ್ಚರಿಕೆ ಕೊಡುವುದುಂಟು. ಎಳೆಯುವವನಿಗಿಂತ ಮೋಸ ಇನ್ನೊಂದುಂಟು. ಕಾರಲ್ಲಿ ಗಂಡ ಹೆಂಡತಿ ಮಕ್ಕಳು ಕೂತಿರ್ತಾರೆ, ದಾರಿ ಕೇಳ್ತಾರೆ, ಅಮ್ಮ ಹೇಳಿ ಕೊಟ್ರೆ ಖುಷಿ ಆಗಿ ನೀವು ನಮ್ಮ ತಾಯಿ ಹಾಗೆ ಅಂತ ತಬ್ಬಿಕೊಂಡು ಕುತ್ತಿಗೆಗೆ ಒಂದು ನಕಲಿ ಸರ ಹಾಕ್ತಾರೆ, ಹಾಕುವ ಕೈಯಲ್ಲೇ ಅಸಲಿ ಸರ ಬಿಚ್ಚಿ ಆಗಿರ್ತದೆ. ಅಮೆರಿಕ, ಕೆನಡಾ, ಇಂಗ್ಲೆಂಡ್ ಎಲ್ಲ ಕಡೆ ಇದು ನಡೆದಿದೆ. ನಮ್ಮ ಅಮ್ಮಂದಿರು ದಾರಿ ಕೇಳಿದವರಿಗೆ ಕುಡೀಲಿಕ್ಕೆ ನೀರೂ ಬೆಲ್ಲವೂ ಕೊಡುವವರು, ಅವರಿಗೆ ಇದನ್ನು ಮೊದಲೇ ಬಿಡಿಸಿ ಹೇಳ್ಬೇಕು. ಯಾರೇ ತಬ್ಬಲಿಕ್ಕೆ ಬಂದ್ರೂ ಎರಡು ಹೆಜ್ಜೆ ಹಿಂದೆ, ಅಷ್ಟೆ.

ತಾಳಿ ತೆಗೀಲಿಕ್ಕಾಗುವುದಿಲ್ಲ ಅಂತ ಅವರು ಹಟ ಹಿಡಿಯುವುದು ನನಗೆ ಅರ್ಥ ಆಗ್ತದೆ, ಅದಕ್ಕೆ ಜೋರು ಮಾಡ್ಬೇಡ. ತಾಳಿ ಬೇಡ ಅಂತ ಹೇಳುವುದೇ ಬೇಡ, ಸರ ಮಾತ್ರ ಬೇಡ ಅಂತ ಹೇಳು. ತಾಳಿಯನ್ನು ನೂಲಲ್ಲಿ ಪೋಣಿಸಿದ ಸಪೂರ ಕರಿಮಣಿಗೆ ಹಾಕಿಸಿ, ರವಿಕೆಯ ಒಳಗೆ ಇಟ್ಟು, ಮೇಲಿನಿಂದ ಸ್ವೆಟರು, ಶಾಲು. ಚಳಿಗೆ ಹೇಗೂ ಬೇಕು. ಬಳೆಗೆ ಬದಲು ಗಾಜಿನದ್ದು ಹಾಕ್ಲಿ. ಒನ್ ಗ್ರಾಮ್ ಗೋಲ್ಡಿನದ್ದು ತೆಗೆದು ಕೊಡುವ ಅಂತ ನಿನ್ನ ಹೆಂಡತಿ ಹೇಳಿದ್ದಾಳಂತೆ, ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ, ಕಳ್ಳ ಏನು ಉಜ್ಜಿ ನೋಡಿ ಎಳೀತಾನಾ? ಐದು ಪವನು ಹೋದ್ರೆ ಹೋಗ್ಲಿ, ಸರ ಎಳೆಯುವಾಗ ಪ್ರಾಯದವರು ಕಲ್ಲು ಹಾಸಿದ ರಸ್ತೆಯಲ್ಲಿ ಬಿದ್ದು ಸೊಂಟದ ಎಲುಬು ಮುರಿದ್ರೆ ಎಂತ ಮಾಡ್ತೀ? ಈ ಮಾತು ಅಮ್ಮನಿಗೆ ಹೇಳು, ಚಿನ್ನದ ರೇಟಿಗಿಂತ ಇದು ಬೇಗ ತಲೆಗೆ ಹೋಗ್ತದೆ.

ಇಷ್ಟೆಲ್ಲ ಹೇಳಿಯೂ ಅಕ್ಕನ ಮನೆಯ ಫಂಕ್ಷನ್ನಿಗೆ ಒಂದು ಸೆಟ್ ಬೇಕೇ ಬೇಕು ಅಂತಾದ್ರೆ, ವಿದೇಶಕ್ಕೆ ವಿಮಾನ ಹತ್ತುವ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊ. ಇಲ್ಲದಿದ್ರೆ ವಾಪಸ್ ಬರುವಾಗ ಅಲ್ಲಿಂದ ತಂದದ್ದಲ್ಲ, ಇಲ್ಲಿಂದಲೇ ಕೊಂಡು ಹೋದದ್ದು ಅಂತ ನಂಬಿಸ್ಲಿಕ್ಕೆ ನೀನು ನಿಲ್ಬೇಕು. ಆಭರಣದ ಫೋಟೋ, ಅಂಗಡಿಯ ಬಿಲ್ಲು ಅಥವಾ ತೂಕ ಬೆಲೆ ಬರೆದ ಕಾಗದ ಜತೆಗಿರ್ಲಿ, ಸ್ವಲ್ಪ ಬೇಗ ಹೋಗಿ. ಚಿನ್ನ ಚೆಕಿನ್ ಬ್ಯಾಗಿಗೆ ಹಾಕುವುದು ಬೇಡವೇ ಬೇಡ. ಇನ್ಶೂರೆನ್ಸ್ ಉಂಟಲ್ಲ ಅಂತ ಧೈರ್ಯವೂ ಬೇಡ, ಯುರೋಪಿನ ಷೆಂಗೆನ್ ವೀಸಾಕ್ಕೆ ಕಡ್ಡಾಯ ಮಾಡಿದ 30,000 ಯುರೋದ ಪಾಲಿಸಿ ಆಸ್ಪತ್ರೆ ಖರ್ಚಿಗೆ, ಆಭರಣವನ್ನು ಹೆಚ್ಚಿನ ಟ್ರಾವೆಲ್ ಪಾಲಿಸಿಗಳು ಹೊರಗೇ ಇಡ್ತವೆ. ನಿನ್ನ ಪಾಲಿಸಿಯ ಸಣ್ಣ ಅಕ್ಷರ ಒಮ್ಮೆ ಕೂತು ಓದು.

ನೀನು ಕೇಳದೇ ಇದ್ದದ್ದು ಒಂದುಂಟು, ಫೋನು. ಲಂಡನಿನಲ್ಲಿ ಈಗ ಚಿನ್ನಕ್ಕಿಂತ ಫೋನು ಹೋಗುವುದು ಜಾಸ್ತಿ. ಕರೆಂಟ್ ಬೈಕಲ್ಲಿ ಮುಖ ಮುಚ್ಚಿಕೊಂಡು ಬಂದು ಫುಟ್‌ಪಾತಿನ ಅಂಚಲ್ಲಿ ಮ್ಯಾಪ್ ನೋಡ್ತಾ ನಿಂತವರ ಕೈಯಿಂದ ಕಿತ್ತು ಹೋಗ್ತಾರೆ, ಸ್ಕ್ರೀನ್ ಓಪನ್ ಇರುವಾಗಲೇ. ಮ್ಯಾಪ್ ನೋಡ್ಬೇಕಾದ್ರೆ ಅಂಗಡಿಯ ಒಳಗೆ ಹೋಗು, ಇಲ್ಲ ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ನಿನ್ನದು ಐಫೋನ್ ಅಲ್ವಾ, ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಆನ್ ಮಾಡು, ಆಗ ಪಾಸ್‌ಕೋಡ್ ಗೊತ್ತಿದ್ದವನೂ ನಿನ್ನ ಅಕೌಂಟಿನ ಪಾಸ್‌ವರ್ಡ್ ತಕ್ಷಣ ಬದಲಿಸ್ಲಿಕ್ಕಾಗುವುದಿಲ್ಲ. ಸಿಮ್ಮಿಗೂ ಪಿನ್ ಹಾಕು. ಬ್ಯಾಂಕಿನ ಒಟಿಪಿ ಎಲ್ಲ ಬರುವುದು ಅದೇ ಸಿಮ್ಮಿಗೆ ತಾನೇ, ಫೋನ್ ಹೋದ್ರೆ ಕಾರ್ಡು ಬ್ಲಾಕ್ ಮಾಡ್ಲಿಕ್ಕೂ ಪರದಾಟ. ಬ್ಯಾಂಕಿನ ವಿದೇಶದಿಂದ ಕರೆಯುವ ನಂಬರು ಒಂದು ಚೀಟಿಯಲ್ಲಿ ಬರೆದು ಹೆಂಡತಿಯ ಹತ್ರ ಇರ್ಲಿ, ಒಂದು ಕಾರ್ಡೂ ಅವಳ ಹತ್ರವೇ ಇರ್ಲಿ.

ಮತ್ತೆ ನಮ್ಮಲ್ಲೊಂದು ಅಭ್ಯಾಸ ಉಂಟು, ಮನೆಯ ಯಜಮಾನ ಎಲ್ಲರ ಪಾಸ್‌ಪೋರ್ಟ್ ಒಂದೇ ಪೌಚಿಗೆ ಹಾಕಿ ಕುತ್ತಿಗೆಗೆ ನೇತಾಡಿಸ್ಕೊಂಡು ಕಾರುಬಾರು ಮಾಡುವುದು. ಆ ಪೌಚು ಹೋದ್ರೆ ಇಡೀ ಸಂಸಾರ ಅಲ್ಲೇ ಬಾಕಿ. ಅವರವರದ್ದು ಅವರವರ ಹತ್ರ, ಬಟ್ಟೆಯ ಒಳಗೆ ಸೊಂಟಕ್ಕೆ ಕಟ್ಟುವ ಬೆಲ್ಟಲ್ಲಿ. ಪಾಸ್‌ಪೋರ್ಟ್ ವೀಸಾ ಪುಟದ ಫೋಟೋ ಇಮೇಲಲ್ಲಿ ಹಾಕಿಡು. ಹೋಯ್ತು ಅಂತಲೇ ಇಟ್ಕೊ, ಅಲ್ಲಿಯ ತುರ್ತು ನಂಬರ್ 112ಕ್ಕೆ ಫೋನ್ ಮಾಡ್ಬಹುದು, ಪೊಲೀಸ್ ಕಂಪ್ಲೇಂಟಿನ ಪ್ರತಿ ತಗೊಂಡು ಭಾರತದ ಎಂಬೆಸಿಗೆ ಹೋದ್ರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡ್ತಾರೆ, ಅದರಲ್ಲಿ ಸೀದಾ ಊರಿಗೆ ಬರ್ಲಿಕ್ಕೆ ಮಾತ್ರ ಆಗ್ತದೆ, ಟೂರು ಅಲ್ಲಿಗೇ ಮುಗೀತು.

ಹೋಟೆಲಿನ ಬೆಳಗ್ಗಿನ ತಿಂಡಿಯ ಹೊತ್ತು ಕೂಡ ಸಸಾರ ಮಾಡ್ಬೇಡ. ಬ್ರೆಡ್ಡು ತರ್ಲಿಕ್ಕೆ ಎದ್ದು ಹೋಗುವಾಗ ಬ್ಯಾಗನ್ನು ಕುರ್ಚಿಗೆ ಸಿಕ್ಕಿಸಿ ಜಾಗ ಹಿಡಿದಿಡುವುದು ನಮ್ಮ ಬಸ್ಸಿನಲ್ಲಿ ನಡೀತದೆ, ಅಲ್ಲಿ ಬ್ಯಾಗೂ ಹೋಗ್ತದೆ ಜಾಗವೂ ಹೋಗ್ತದೆ.

ಅಮ್ಮನ ಹತ್ರ ನಾನೇ ಒಮ್ಮೆ ಮಾತಾಡ್ಬೇಕಾದ್ರೆ ಸಂಜೆ ಫೋನ್ ಮಾಡಿಸು, ನಿನ್ನ ಮಾತಿಗಿಂತ ನನ್ನ ಮಾತು ಕೇಳ್ತಾರೆ ಅಂತ ನನಗೆ ಗೊತ್ತುಂಟು. ಒಪ್ಪಿದ್ರೆ ತಡ ಮಾಡದೆ ಬಳೆ ಎಲ್ಲ ಲಾಕರಿಗೆ ಇಟ್ಟು ಬಾ, ಮನಸ್ಸು ಬದಲುವ ಮೊದಲು. ಈ ವಾರ ಎರಡನೇ ಶನಿವಾರ, ಬ್ಯಾಂಕಿಗೆ ರಜೆ, ಶುಕ್ರವಾರವೇ ಹೋಗು.

ಇಂತಿ,
ನಿನ್ನ ಟೂರಿನ ದೋಸ್ತಿ