ಜಿಮ್ ಫೆಲ್ಪ್ಸ್‌ಗೆ ಇನ್ನೂ ನ್ಯಾಯ ಸಿಕ್ಕಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಸಿನಿಮಾ ಪುಟದಲ್ಲಿ ‘ಮಿಷನ್: ಇಂಪಾಸಿಬಲ್’ ಬಗ್ಗೆ ಬಂದ ಬರಹ ಓದಿದೆ. ಎಲ್ಲವೂ 1996ರ ಸಿನಿಮಾದಿಂದ, ಟಾಮ್ ಕ್ರೂಸ್ ಅವರಿಂದಲೇ ಶುರುವಾಯಿತು ಅನ್ನೋ ಹಾಗೆ ಬರೆದಿದ್ದಾರೆ. ಬ್ರೂಸ್ ಗೆಲ್ಲರ್ ಇದೇ ಹೆಸರಿನ ಟೀವಿ ಧಾರಾವಾಹಿಯನ್ನು 1966ರಲ್ಲೇ ಶುರು ಮಾಡಿದ್ದರು. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ 1973ರವರೆಗೆ 171 ಕಂತು ಬಂದವು. ಅದರ ಬಗ್ಗೆ ಒಂದು ಸಾಲೂ ಇಲ್ಲ ಅಂದರೆ ಹೇಗೆ?

ನಾನು ಮೊದಲು ನೋಡಿದ್ದು ಸಿನಿಮಾವನ್ನೇ. ಧಾರಾವಾಹಿ ಎಷ್ಟೋ ವರ್ಷಗಳ ನಂತರ ಡಿವಿಡಿಯಲ್ಲಿ ಸಿಕ್ಕಿತು. ಅದು ಒಂದು ಗುಪ್ತಚರ ತಂಡದ ಕಥೆ. ತಂಡದ ನಾಯಕ, ಪೀಟರ್ ಗ್ರೇವ್ಸ್ ಮಾಡಿದ ಜಿಮ್ ಫೆಲ್ಪ್ಸ್, ಎರಡನೇ ಸೀಸನ್‌ನಲ್ಲಿ ಬರುತ್ತಾನೆ. ಮುಂದಿನ ಕೆಲಸ ಏನೆಂದು ಹೇಳುವ ಟೇಪ್ ಕೇಳುತ್ತಾನೆ, ಟೇಪ್ ಹೊಗೆಯಾಗಿ ಹೋಗುತ್ತದೆ, ಮನೆಯಲ್ಲಿ ಕೂತು ಫೋಟೋಗಳಿಂದ ತನ್ನವರನ್ನು ಆರಿಸುತ್ತಾನೆ. ನಾನು ಮಾತ್ರ ಪ್ರತಿ ಕಂತಿನಲ್ಲೂ ಅವನ ಮುಖವನ್ನೇ ಅನುಮಾನದಿಂದ ನೋಡುತ್ತಿದ್ದೆ, ಯಾಕೆಂದರೆ ಸಿನಿಮಾದಲ್ಲಿ ಅವನನ್ನು ತನ್ನ ತಂಡವನ್ನೇ ಕೊಲ್ಲಿಸುವ ದ್ರೋಹಿ ಮಾಡಿಟ್ಟಿದ್ದರು. ಕಂತು ಮುಗಿದಷ್ಟೂ ನನಗೆ ಬೇಜಾರಾಯಿತು. ಈ ಮನುಷ್ಯ ಒಬ್ಬರನ್ನೂ ಬಿಟ್ಟುಕೊಡುವವನಲ್ಲ.

ಆ ಧಾರಾವಾಹಿಯ ಜೀವ ಇದ್ದದ್ದೇ ತಂಡದಲ್ಲಿ. ಗ್ರೆಗ್ ಮಾರಿಸ್ ಅವರ ಬಾರ್ನಿ ಗೋಡೆಯ ಹಿಂದೆ, ನೆಲಮಾಳಿಗೆಯಲ್ಲಿ ಬೆವರು ಸುರಿಸಿಕೊಂಡು ಯಂತ್ರ ಜೋಡಿಸುತ್ತಾನೆ. 1966ರ ಅಮೆರಿಕದ ಟೀವಿಯಲ್ಲಿ ಒಬ್ಬ ಕಪ್ಪು ಎಂಜಿನಿಯರ್ ತಂಡದ ಮೆದುಳಾಗಿ ಕೆಲಸ ಮಾಡುವುದು ಸಣ್ಣ ಮಾತಲ್ಲ. ತಂಡದ ಸಿನ್ನಮನ್ ಪಾತ್ರಕ್ಕೆ ಬಾರ್ಬರಾ ಬೇನ್ ಸತತ ಮೂರು ವರ್ಷ ಎಮ್ಮಿ ಟೀವಿ ಪ್ರಶಸ್ತಿ ಗೆದ್ದರು. ಗುಂಡು ಹಾರಿಸುವುದು ಕಡಿಮೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಹಾಗೆ, ಖಳನ ದುರಾಸೆಯನ್ನೋ ಅನುಮಾನವನ್ನೋ ಹಿಡಿದು ಅವನನ್ನೇ ಬೀಳಿಸಿ, ಸದ್ದಿಲ್ಲದೆ ವ್ಯಾನ್ ಹತ್ತಿ ಹೊರಟುಬಿಡುತ್ತಾರೆ.

1996ರ ಸಿನಿಮಾ ಮಾಡಿದ ಬ್ರಯಾನ್ ಡಿ ಪಾಲ್ಮಾ ದೊಡ್ಡ ನಿರ್ದೇಶಕರು, ಅದರಲ್ಲಿ ಎರಡು ಮಾತಿಲ್ಲ. ಸಿಐಎ ಕಚೇರಿಯಲ್ಲಿ ಹಗ್ಗ ಕಟ್ಟಿಕೊಂಡು ಇಳಿಯುವ ಆ ದೃಶ್ಯ ಇವತ್ತಿಗೂ ಉಸಿರು ಬಿಗಿಹಿಡಿಸುತ್ತದೆ. ಮಾತಿಲ್ಲ, ಸಂಗೀತವಿಲ್ಲ, ಮೇಲೆ ಹಗ್ಗ ಹಿಡಿದವನೊಬ್ಬ, ಕಂಪ್ಯೂಟರ್ ಮುಂದೆ ಇನ್ನೊಬ್ಬ. ಇಡೀ ಸಿನಿಮಾದಲ್ಲಿ ಹಳೇ ಧಾರಾವಾಹಿಗೆ ತೀರಾ ಹತ್ತಿರ ಇರುವುದು ಅದೇ, ಅಲ್ವಾ? ಆದರೆ ಅಷ್ಟು ಹೊತ್ತಿಗಾಗಲೇ ಪ್ರಾಗ್‌ನಲ್ಲಿ ತಂಡದ ಹೆಚ್ಚಿನವರನ್ನು ಸಾಯಿಸಿ, ಕಥೆಯನ್ನು ಒಬ್ಬನೇ ಹೀರೋ ಕೈಗೆ ಕೊಟ್ಟಾಗಿತ್ತು. ಫೆಲ್ಪ್ಸ್ ಖಳನಾಗುತ್ತಾನೆ ಅಂತ ಗೊತ್ತಾಗಿ ಗ್ರೇವ್ಸ್ ಆ ಪಾತ್ರವನ್ನೇ ಒಪ್ಪಲಿಲ್ಲ, ಜಾನ್ ವಾಯ್ಟ್ ಮಾಡಿದರು. ಗ್ರೆಗ್ ಮಾರಿಸ್ ಅಂತೂ ಸಿನಿಮಾ ಮುಗಿಯುವ ಮೊದಲೇ ಥಿಯೇಟರ್‌ನಿಂದ ಎದ್ದು ಹೋದರು. ಖಳ ಬೇಕಿದ್ದರೆ ಹೊಸ ಹೆಸರೊಂದನ್ನು ಇಡಬಹುದಿತ್ತು.

ಇದೇ ಸರಣಿಯ 2025ರ ಸಿನಿಮಾದಲ್ಲಿ ನನಗೆ ಇನ್ನೂ ಜಾಸ್ತಿ ನೋವಾಯಿತು. 1996ರ ಸಿನಿಮಾದಲ್ಲಿ ಶಿಕ್ಷೆಯಾಗಿ ಅಲಾಸ್ಕಾಕ್ಕೆ ಎಸೆಯಲ್ಪಟ್ಟ ಸಿಐಎ ನೌಕರ ಡಾನ್‌ಲೋ ನೆನಪಿದೆಯಾ? ಅವನನ್ನು ವಾಪಸ್ ಕರೆತಂದು, ಗೌರವ ಕೊಟ್ಟು, ಬಹಳ ಚೆನ್ನಾಗಿ ಬಳಸಿಕೊಂಡಿದ್ದಾರೆ. ಫೆಲ್ಪ್ಸ್‌ನ ಮಗನನ್ನೂ ತಂದರು. ಅಪ್ಪ ಮಾತ್ರ ದ್ರೋಹಿಯಾಗಿಯೇ ಉಳಿದ.

ಸಂಗೀತ ನಿರ್ದೇಶಕ ಲಾಲೋ ಶಿಫ್ರಿನ್ ಅವರ ಐದು ಎಣಿಕೆಯ ಆ ‘ಮಿಷನ್: ಇಂಪಾಸಿಬಲ್’ ಟ್ಯೂನ್ ಎಲ್ಲರ ಮೊಬೈಲ್‌ನಲ್ಲೂ ಕೇಳಿದ್ದೇವೆ. ಅದೂ ಧಾರಾವಾಹಿಯದೇ. ಮುಂದಿನ ಸಲ ಬರೆಯುವಾಗ ದಯವಿಟ್ಟು ಗೆಲ್ಲರ್ ಅವರ ಹೆಸರು ಹಾಕಿ. ಮೊದಲ ಮೂರು ಸೀಸನ್ ಬಗ್ಗೆಯೇ ಒಂದು ಲೇಖನ ಬರೆಸಿದರೆ ಇನ್ನೂ ಸಂತೋಷ.

ಇಂತಿ,
ನಿಮ್ಮ ಓದುಗ, ಮೈಸೂರು