ಹಳ್ಳಿಗುಡಿ ಹೊಲ ಬರಡಲ್ಲ

ಸಂಪಾದಕರಿಗೆ ನಮಸ್ಕಾರ,

ಹೂಡಿಕೆ ಸಮಾವೇಶದ ಸುದ್ದಿ ಬಂದಾಗೆಲ್ಲಾ ಯಾರಾದ್ರೂ ಒಬ್ರು 'ಗದಗ ಜಿಲ್ಲೆ ದಕ್ಷಿಣ ಕೊರಿಯಾದ ಉಕ್ಕಿನ ಕಂಪನಿ ಪೋಸ್ಕೊನ ಕಳಕೊಂಡ್ತು, ರೈತರು ಓಡಿಸಿದ್ರು' ಅಂತ ಬರೀತಾರ. ನಾನು ಮುಂಡರಗಿ ತಾಲ್ಲೂಕಿನ ರೈತ, ಓದಿದಾಗೆಲ್ಲಾ ಸಂಕಟ ಆಗ್ತೈತಿ.

2010ರ ಜೂನ್‌ನಾಗ ಬೆಂಗಳೂರಾಗ ಪೋಸ್ಕೊ ಜೋಡಿ ಸರ್ಕಾರದ ಒಪ್ಪಂದ ಆತು, ವರ್ಷಕ್ಕ 60 ಲಕ್ಷ ಟನ್ ಉಕ್ಕು, 32 ಸಾವಿರ ಕೋಟಿ ಮ್ಯಾಲೆ ಬಂಡವಾಳ, ನಮ್ಮ ತಾಲ್ಲೂಕಿನ ಹಳ್ಳಿಗುಡಿ ಸುತ್ತಮುತ್ತ ಮೂರು ಸಾವಿರ ಎಕರೆಗೂ ಜಾಸ್ತಿ ಜಮೀನು ಬೇಕಂದ್ರು. ನಮ್ಮ ಮನ್ಯಾಗೂ ಜಗಳ ಆತು, ನನ್ನ ತಮ್ಮ, ಮನಿಗೊಂದು ನೌಕರಿ ಸಿಗ್ತೈತಿ ಕೊಟ್ಟುಬಿಡೂಣು ಅಂದ, ಅಪ್ಪ ಎರಡು ದಿನ ಅವನ ಜೋಡಿ ಮಾತಾಡಲಿಲ್ಲ. ಮಳಿ ನಂಬಿದ ಭೂಮಿ ಅಂದ್ರ ಬರಡು ಅಂತ ತಿಳ್ಕೊಂಡಾರ ಭಾಳ ಮಂದಿ, ಹಿಂಗಾರಿಯೊಳಗ ನಸುಕಿನ್ಯಾಗ ನಮ್ಮ ಎರಿ ಹೊಲದ ಕಡಲಿ ಸಾಲಿನ್ಯಾಗ ಒಮ್ಮೆ ಅಡ್ಡಾಡಿ ನೋಡ್ರಿ, ಕಡಲಿ ಎಲಿ ಮ್ಯಾಲಿನ ಇಬ್ಬನಿಗೆ ಧೋತರದ ಅಂಚು ತೊಯ್ದು ಗಿಡದ ಹುಳಿ ಹತ್ತಿರ್ತೈತಿ, ಬರಡು ಭೂಮ್ಯಾಗ ಇದು ಆಗೂದಿಲ್ರಿ.

ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಜೋಡಿ ನಿಂತ್ರು, 2011ರ ಜುಲೈನಾಗ ಸರ್ಕಾರ ಅಲ್ಲಿ ಭೂಸ್ವಾಧೀನ ಕೈಬಿಡ್ತು, 2013ರ ಜುಲೈನಾಗ ಕಂಪನಿನೂ ಯೋಜನೆ ಬಿಟ್ಟಿತು. ಆದ್ರ ನಡುವ ಇನ್ನೊಂದು ಆಗಿತ್ತು, ಅದನ್ನ ಯಾರೂ ನೆನಸೂದಿಲ್ಲ. 2011ರಾಗ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಾರಿಕೆ ನಿಲ್ಲಿಸಿತ್ತು, ಕಾರ್ಖಾನಿಗೆ ಬೇಕಾದ ಕಬ್ಬಿಣದ ಅದಿರಿಗೇ ಗ್ಯಾರಂಟಿ ಇರಲಿಲ್ಲ. ಭೂಮಿ ಕೊಟ್ಟಿದ್ರೂ ಚಿಮಣಿ ಏಳ್ತಿತ್ತು ಅಂತ ಹೆಂಗ ಹೇಳ್ತೀರಿ?

ಒಡಿಶಾದ ಜಗತ್‌ಸಿಂಗ್‌ಪುರದಾಗ ಅದೇ ಕಂಪನಿ 2005ರಾಗ ಒಪ್ಪಂದ ಮಾಡ್ಕೊಂಡಿತ್ತು, ಅಲ್ಲಿ ಜಮೀನು ತಗೊಂಡು ವೀಳ್ಯದೆಲಿ ತೋಟ ಕಡಿದ್ರು, ಕಾರ್ಖಾನಿ ಮಾತ್ರ ಏಳಲಿಲ್ಲ. ಅಷ್ಟು ದೂರ ಯಾಕ, ಬಳ್ಳಾರಿ ಹತ್ರ ಕುಡತಿನಿಗೆ ಹೋಗ್ರಿ, ಉಕ್ಕಿನ ಕಾರ್ಖಾನಿ ಅಂತ ಜಮೀನು ಬಿಟ್ಟುಕೊಟ್ಟ ರೈತರು ಹೊಲನೂ ಇಲ್ಲ ನೌಕರಿನೂ ಇಲ್ಲ ಅಂತ ಧರಣಿ ಕುಂತಾರ. ನಾವೂ ಅಂದು ಸಹಿ ಹಾಕಿದ್ರ ಇವತ್ತು ಅವರ ಪಕ್ಕದಾಗ ಕುಂತಿರ್ತಿದ್ವಿ.

ಕಾರ್ಖಾನಿ ಬ್ಯಾಡ ಅಂತ ನಾನು ಹೇಳೂದಿಲ್ಲ, ನಮ್ಮ ಹುಡುಗ್ರು ದುಡಿಯಾಕ ಗೋವಾಕ್ಕ ಹೋಗ್ತಾರ, ಆ ನೋವು ನಮಗೂ ಐತಿ. ನನ್ನ ಬೇಡಿಕಿ ಒಂದ, ಜಮೀನು ತಗೊಳ್ಳೂ ಆದೇಶದಾಗ ಇಷ್ಟು ವರ್ಷದೊಳಗ ಕಟ್ಟಲಿಲ್ಲಂದ್ರ ಹೊಲ ವಾಪಸ್ ರೈತನ ಹೆಸರಿಗೆ ಅಂತ ಮೊದಲ ಬರೀರಿ, ಆಮ್ಯಾಲೆ ಊರಿಗೆ ಸರ್ವೆ ಮಾಡಾಕ ಬರ್ರಿ.

— ಒಬ್ಬ ರೈತ, ಮುಂಡರಗಿ ತಾಲ್ಲೂಕು