ನಮ್ಮ ಆನೆಯನ್ನೇ ಬರಿ ಕಣೋ

ಪ್ರೀತಿಯ ಗೆಳೆಯಾ,

ಪ್ರಾಣಿಗಳ ಅಂಗಗಳ ಬಗ್ಗೆ ನೀನು ಮಾಡುತ್ತಿರುವ ಮಕ್ಕಳ ಚಿತ್ರಪುಸ್ತಕದಿಂದ ಕಳಿಸಿದ ಪುಟಗಳನ್ನು ಮಗಳ ಜೊತೆ ಕೂತು ನೋಡಿದೆ. ಬಣ್ಣ ತುಂಬಾ ಚೆನ್ನಾಗಿ ಬಂದಿದೆ. ಆದರೆ ಕಾಂಗರೂ, ಪೆಂಗ್ವಿನ್, ಹಿಮಕರಡಿ ಎಲ್ಲ ಪುಸ್ತಕಗಳಲ್ಲೂ ಸಿಗುತ್ತವೆ. ಬೆಂಗಳೂರಿನ ಮಗು ಓದಿದ್ದನ್ನು ಅವತ್ತೇ ಕಣ್ಣಾರೆ ನೋಡಿ ತಾಳೆ ಹಾಕುವಂಥ ಪ್ರಾಣಿಗಳು ನಿನ್ನ ಪುಸ್ತಕದಲ್ಲಿ ಇರಲಿ ಅನ್ನೋದು ನನ್ನ ಆಸೆ.

ಮೊದಲು ಆನೆ. ಸೊಂಡಿಲಿನ ತುದಿಯಲ್ಲಿ ಬೆರಳಿನಂಥ ಎರಡು ಮೊನೆ ಬರೆದಿದ್ದೀಯ. ಅದು ಆಫ್ರಿಕಾದ ಆನೆಗೆ. ನಮ್ಮದಕ್ಕೆ ಮೇಲ್ಗಡೆ ಒಂದೇ ಮೊನೆ. ಬನ್ನೇರುಘಟ್ಟಕ್ಕೆ ಹೋಗಿ ನಿಧಾನವಾಗಿ ನೋಡು, ಮಂಗಳವಾರ ಮಾತ್ರ ಬೇಡ, ರಜೆ. ಇನ್ನೊಂದು ವಿಷಯ, ಆನೆ ಸೊಂಡಿಲಿನಿಂದ ನೀರು ಕುಡಿಯೋದಿಲ್ಲ. ಸೊಂಡಿಲಿಗೆ ಎಳೆದುಕೊಂಡು ಬಾಯಿಗೆ ಸುರಿದುಕೊಳ್ಳುತ್ತೆ. ನಿನ್ನ ಚಿತ್ರದಲ್ಲಿ ಸೊಂಡಿಲು ಕೆರೆಯಲ್ಲೇ ಉಳಿದುಬಿಟ್ಟಿದೆ. ಪಕ್ಕದಲ್ಲಿ ಬಾಯಿಗೆ ಸುರಿಯೋ ಚಿತ್ರವೂ ಬೇಕು. ಕಿವಿಯ ಕೆಲಸ ಬರೀ ಕೇಳೋದು ಅಂತ ಯಾಕೆ ನಿಲ್ಲಿಸಿದೆ? ಕಿವಿ ಬೀಸಿದಾಗ ಅದರ ತೆಳು ಚರ್ಮದಡಿ ಹರಿಯೋ ರಕ್ತ ತಣ್ಣಗಾಗಿ ಆನೆಯ ಮೈ ತಂಪಾಗುತ್ತೆ. ಒಂದೇ ಅಂಗಕ್ಕೆ ಎಷ್ಟೊಂದು ಕೆಲಸ ಅನ್ನೋದೇ ಮಕ್ಕಳಿಗೆ ಹಿಡಿಸೋದು.

ಗೋಡೆ ಮೇಲೆ ಹರಿದಾಡೋ ಹಲ್ಲಿಗಂತೂ ಎದುರುಬದುರು ಎರಡು ಪುಟ ಪೂರ್ತಿ ಕೊಡು. ಅದರ ಪಾದದಲ್ಲಿ ಅಂಟು ಇಲ್ಲ. ಬೆರಳಡಿಯ ಪದರಗಳಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ, ಗೋಡೆ ಹಿಡಿಯೋದು ಅವು. ರಾತ್ರಿ ದೀಪ ಹಾಕಿದಾಗ ಕಿಟಕಿ ಗಾಜಿನ ಆಚೆ ಬದಿ ಹಲ್ಲಿ ಬಂದು ಕೂತರೆ ಒಳಗಿನಿಂದ ಆ ಪದರಗಳು ಅಡ್ಡಗೆರೆ ಎಳೆದಂತೆ ಸ್ಪಷ್ಟವಾಗಿ ಕಾಣುತ್ತವೆ. ಅದನ್ನೇ ದೊಡ್ಡದಾಗಿ ಬರಿ. ಅಪಾಯ ಬಂದಾಗ ಬಾಲ ಕಳಚಿ ಓಡುತ್ತೆ, ಬಿದ್ದ ಬಾಲ ವಿಲವಿಲ ಒದ್ದಾಡಿ ಬೆಕ್ಕಿನ ಗಮನ ಸೆಳೆಯುತ್ತೆ. ಆಮೇಲೆ ಹುಟ್ಟೋ ಬಾಲದಲ್ಲಿ ಮೂಳೆಯ ಬದಲು ಮೃದ್ವಸ್ಥಿ, ಅಂದರೆ ನಮ್ಮ ಕಿವಿಯಲ್ಲಿ ಇರುವಂಥ ಬಾಗೋ ಮೆದು ಎಲುಬು ಇರುತ್ತೆ.

ಬಾಲದ ಮಾತು ಬಂತಲ್ಲ, ರಸೆಲ್ ಮಾರ್ಕೆಟ್ ಮೇಲೆ ಸುತ್ತೋ ಕಂದು ಹದ್ದುಗಳನ್ನು ಬಿಡಬೇಡ. ಕವಲು ಬಾಲವನ್ನು ಹಾಗೇ ತಿರುಚಿ ದಿಕ್ಕು ಬದಲಿಸುತ್ತವೆ. ಬೀದಿಯ ಹಸುವೂ ಇರಲಿ. ಅದಕ್ಕೆ ಮೇಲಿನ ಮುಂಬಲ್ಲೇ ಇಲ್ಲ, ನಾಲಿಗೆ ಸುತ್ತಿ ಹುಲ್ಲು ಎಳೆಯುತ್ತೆ.

ಬಾವಲಿಯ ರೆಕ್ಕೆ ಮಾತ್ರ ಬಿಡಿಸಿದ ಕೈಯಂತೆಯೇ ಬರಲಿ, ಉದ್ದುದ್ದ ಬೆರಳುಗಳ ನಡುವೆ ಚರ್ಮ. ಪಕ್ಕದಲ್ಲಿ ಮಗು ತನ್ನ ಅಂಗೈ ಇಟ್ಟು ಬೆರಳು ಹೋಲಿಸಿ ನೋಡೋಷ್ಟು ಖಾಲಿ ಜಾಗ ಬಿಡು.

ಉಳಿದ ಪುಟಗಳನ್ನು ಬೇಗ ಕಳಿಸು. ಮಗಳು ದಿನಾ ಕೇಳ್ತಾಳೆ.

ನಿನ್ನ ಗೆಳೆಯ